ಅತ್ತಿಯ ದನಿಗೆ ಎರಡು ಸಣ್ಣ ಡಬ್ಬಿ

“ಇದು ಯಾರ್ ಹಾಡ್ಲಾಕತ್ತಾರ?” ಎಂದು ಅತ್ತಿ ಕೇಳಿದಳು.

ಕಮಲಾಪುರದಲ್ಲಿ ಮಾಮನ ಮನೆಯ ಪಡಸಾಲೆ. ಟೇಪಿನ ಮುಂದೆ ನನ್ನ ಸೋದರಮಾವ, ಅವನ ಹೆಂಡತಿ ಅಂದರೆ ಅತ್ತಿ, ಮತ್ತು ನಾನು. ಕ್ಯಾಸೆಟ್ಟಿನಲ್ಲಿ ಹಾಡುತ್ತಿದ್ದವಳು ಅತ್ತಿಯೇ. ಹಿಂದಿನ ವಾರ ಕಲಬುರಗಿಗೆ ಬಂದು, ನಾನು ಕೆಲಸ ಮಾಡುವ ರೆಕಾರ್ಡಿಂಗ್ ಖೋಲಿಯಲ್ಲಿ ನಿಂತು ಹಾಡಿ ಹೋಗಿದ್ದಳು. ಈಗ ಟೇಪಿನಿಂದ ಬರುತ್ತಿದ್ದದ್ದು ಮಾತ್ರ ಯಾರೋ ಹದಿನಾರರ ಹುಡುಗಿ ತಗಡಿನ ಡಬ್ಬದೊಳಗೆ ತಲೆ ತೂರಿಸಿ ಹಾಡಿದಂತಿತ್ತು. ಅತ್ತಿಯ ದನಿಯ ಕೆಳಗಿನ ಅರ್ಧ, ಎದೆಯಿಂದ ಏಳುವ ಆ ಭಾರ, ಹುಡುಕಿದರೂ ಇರಲಿಲ್ಲ.

“ನೀನೇ ಅದೀ,” ಎಂದ ಮಾಮ.

“ನಾ ಅಲ್ಲ ತಗೀ. ಇಂವನೇ ಹಾಡ್ಯಾನ,” ಎಂದು ಅತ್ತಿ ನನ್ನತ್ತ ಬೆರಳು ತೋರಿಸಿ ನಕ್ಕಳು. ಆ ಮನೆಯಲ್ಲಿ ಯಾವ ವಿಚಿತ್ರ ದನಿ ಕೇಳಿದರೂ ಅಪರಾಧಿ ನಾನೇ. ಬಸ್ ಕಂಡಕ್ಟರನಿಂದ ಹಿಡಿದು ಮಾಮನ ರಂದಾ ಹಲಗೆ ಹೆರೆಯುವ ಸದ್ದಿನವರೆಗೆ ಎಲ್ಲವನ್ನೂ ಬಾಯಿಂದ ಹೊರಡಿಸುವುದು ನನ್ನ ಖಯಾಲಿ. ಆರ್ಕೆಸ್ಟ್ರಾದವರು ಸೀರೆ ಬದಲಿಸುವ ಹೊತ್ತಿನಲ್ಲಿ ವೇದಿಕೆಯ ಮೇಲೆ ನನ್ನನ್ನು ಬಿಡುತ್ತಿದ್ದರು.

ನಗು ಮುಗಿಯುವ ಮೊದಲೇ ಅತ್ತಿ ಕೆಮ್ಮಿದಳು. ಆ ಕೆಮ್ಮು ಬಹಳ ದಿನದ್ದು. ಅದೇ ವಾರ ಕಲಬುರಗಿಯಲ್ಲಿ ಗಂಟಲಿನ ಡಾಕ್ಟರಿಗೆ ತೋರಿಸಿದಾಗ ಒಳಗೆ ಗಂಟಾಗಿದೆ, ಆಪರೇಷನ್ ಮಾಡಿ ತೆಗೆಯಲೇಬೇಕು, ತೆಗೆದ ಮೇಲೆ ದನಿ ಎಷ್ಟು ಉಳಿಯುತ್ತದೋ ಹೇಳಲಾಗದು ಎಂದರು. ಅಲ್ಲಿಯವರೆಗೆ ಒಂದು ಮಾತೂ ಆಡಕೂಡದು. ಮಾಮ ಹೆದರುತ್ತಲೇ ಹಾಡಿನ ವಿಷಯ ಎತ್ತಿದ. ಡಾಕ್ಟರು ಮೊದಲು ಸಿಟ್ಟಾದರು. ಆಮೇಲೆ ಅತ್ತಿಯ ಮುಖ ನೋಡಿ, “ಆಪರೇಷನ್ ಹಿಂದಿನ ದಿನ ಅರ್ಧ ತಾಸು ಹಾಡ್ಲಿ. ಹೋಗೋದು ಇದ್ರ ಹ್ಯಾಂಗೂ ಹೋಗ್ತದ. ಆದ್ರ ನಾ ಹೇಳೀನಿ ಅಂತ ಎಲ್ಲೂ ಹೇಳಬ್ಯಾಡ್ರಿ,” ಎಂದರು.

ಅತ್ತಿಯ ಹಾಡು ಎರಡು ಬಗೆಯವು. ಅವಳವ್ವನಿಂದ ಬಂದ ಬೀಸುವ ಪದಗಳು ಕೆಲವು. ಊರಿನ ಬುದ್ಧ ವಿಹಾರದಲ್ಲಿ ಎಲ್ಲರೂ ಕೂಡಿದಾಗ ಹಾಡಲೆಂದು ತಾನೇ ಕಟ್ಟಿದವು ಕೆಲವು. ಯಾವುವೂ ಕಾಗದದ ಮೇಲಿರಲಿಲ್ಲ. ಎಲ್ಲ ಆ ಗಂಟಲಲ್ಲಿದ್ದವು. ಆ ಗಂಟಲಿನಿಂದ ನಾವು ಒಮ್ಮೆ ಇಳಿಸಿಕೊಂಡಿದ್ದನ್ನು ಅವಳೇ ಗುರುತಿಸಲಿಲ್ಲ. ಇನ್ನೊಂದೇ ಸಲ ಉಳಿದಿತ್ತು.

ತಪ್ಪು ಎಲ್ಲಿ ಎಂಬುದು ನನಗೆ ಹೆಚ್ಚುಕಡಿಮೆ ಗೊತ್ತಿತ್ತು. ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ ನಮ್ಮ ಮಾಲಕರ ಅಂಗಡಿ. ಮುಂಭಾಗದಲ್ಲಿ ಮದುವೆ, ಭಾಷಣ, ಭಜನೆಗಳಿಗೆ ಬಾಡಿಗೆಗೆ ಕೊಡುವ ಮೈಕು, ಸ್ಪೀಕರುಗಳು. ಅವು ಸುಟ್ಟು ಬಂದರೆ ಸರಿಮಾಡುವವನು ನಾನು. ಹಿಂಭಾಗದಲ್ಲಿ ಎರಡು ಖೋಲಿ, ಅದಕ್ಕೆ ಸ್ಟುಡಿಯೋ ಎಂದು ಹೆಸರು. ಒಂದರಲ್ಲಿ ಹಾಡುವವರು ನಿಲ್ಲುತ್ತಾರೆ. ಇನ್ನೊಂದರಲ್ಲಿ ಮಾಲಕರು ಸ್ಪೀಕರಿನಲ್ಲಿ ಕೇಳುತ್ತ ನಾಬ್ ತಿರುಗಿಸುತ್ತಾರೆ. ದೊಡ್ಡ ಊರುಗಳಲ್ಲಿ ಮೊದಲು ಹಾಡಿಸಿ ಆಮೇಲೆ ನಿಧಾನಕ್ಕೆ ಹದ ಮಾಡುತ್ತಾರಂತೆ. ನಮ್ಮಲ್ಲಿ ಹಾಡುವಾಗಲೇ ಹದ. ಮಾಲಕರು ತಿರುಗಿಸಿದ್ದು ತಿರುಗಿಸಿದ ಹಾಗೆಯೇ ಟೇಪಿಗೆ ಇಳಿಯುತ್ತದೆ, ಕಡಿದದ್ದು ಮತ್ತೆ ಬರುವುದಿಲ್ಲ.

ಮಾಲಕರು ಕೂರುವ ಖೋಲಿ ಎಷ್ಟು ಸಣ್ಣದೆಂದರೆ, ಒಳಗೆ ಇಬ್ಬರಿದ್ದರೆ ಮೂರನೆಯವನು ಸೀನಲು ಹೊರಗೆ ಹೋಗಬೇಕು. ನೆಲ ಶಹಾಬಾದ್ ಕಲ್ಲು. ಗೂಡಿನ ಹಲಗೆ ಶಹಾಬಾದ್ ಕಲ್ಲು. ಮೇಜು ಎಂದರೆ ಇಟ್ಟಿಗೆ ಕಂಬದ ಮೇಲೆ ಮಲಗಿಸಿದ ಇನ್ನೊಂದು ಶಹಾಬಾದ್ ಕಲ್ಲು. ಅಂಥ ಗುಹೆಯಲ್ಲಿ ಮಾಲಕರು ಸೊಂಟದೆತ್ತರದ ಎರಡು ಮದುವೆ ಸ್ಪೀಕರುಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿಕೊಂಡಿದ್ದರು. ತಗ್ಗಿನ ಸ್ವರವೆಲ್ಲ ಮೂಲೆಗಳಲ್ಲಿ ನೀರಿನಂತೆ ನಿಲ್ಲುತ್ತಿತ್ತು. ನಾನು ಮೂಲೆಯಲ್ಲಿ ನಿಂತು “ಚಹಾ ಬಂತ್ರೀ” ಎಂದರೆ ಫೌಜದಾರರು ಗದರಿದಂತೆ ಕೇಳುತ್ತಿತ್ತು. ಅತ್ತಿ ಹಾಡಿದಾಗ ಮಾಲಕರಿಗೆ ದನಿ ವಿಪರೀತ ದಪ್ಪ ಅನ್ನಿಸಿದೆ, ಕೆಳಗಿನದನ್ನು ಕಡಿದಿದ್ದಾರೆ. ಖೋಲಿ ಸೇರಿಸಿದ್ದನ್ನು ಕಡಿಯಲು ಹೋಗಿ ಅತ್ತಿ ತಂದದ್ದನ್ನು ಕಡಿದಿದ್ದಾರೆ.

“ಮಾಲಕ್ರೀ, ಅತ್ತಿ ದನಿ ಕಡದದ್ದು ನೀವಲ್ರೀ, ಈ ಖೋಲಿ,” ಎಂದೆ.

“ಖೋಲಿಗಿ ಕೈ ಅದಾವೇನೋ ತಮ್ಮಾ?”

“ಕೈ ನಿಮ್ದೇ, ಬುದ್ಧಿ ಖೋಲಿದು.”

ಬೈಸಿಕೊಂಡ ಮೇಲೆ ವಿವರಿಸಿದೆ. ಮೇಜಿನ ಮೇಲೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಎರಡು ಸಣ್ಣ ಸ್ಪೀಕರ್ ಇರಬೇಕು. ಮೆಲ್ಲಗೆ ನುಡಿಯಬೇಕು. ಖೋಲಿ ಬಾಯಿ ಹಾಕುವ ಮೊದಲೇ ಸದ್ದು ಕಿವಿಗೆ ಮುಟ್ಟಿರಬೇಕು. ಮಾಲಕರು ಮೀಸೆ ಮೇಲೆ ಬೆರಳಿಟ್ಟು, “ಆ ಸಣ್ಣ ಡಬ್ಬಿ ನೋಡಿದ್ರ ಗಿರಾಕಿ ಏನಂತಾರ? ಮಾಲಕನ ಕಥಿ ಮುಗೀತು ಅಂತಾರ,” ಎಂದರು. ಆದರೂ ಒಪ್ಪಿದರು. ಅತ್ತಿ ಕ್ಯಾಸೆಟ್ ಕೇಳಿ “ಇದು ಯಾರು” ಎಂದಳೆಂಬುದು ಅವರಿಗೆ ಚುಚ್ಚಿತ್ತು.

ಮಾರ್ಕೆಟ್ಟಿನಲ್ಲಿ ಸ್ಪೀಕರ್ ಸಾಮಾನು ಮಾರುವ ಭಾಯ್ ಬಳಿ ಅಂಗೈಯಗಲದ, ಐದಿಂಚಿನ ಕಾಗದದ ಕೋನಿನ ಸ್ಪೀಕರ್ ಕೇಳಿದಾಗ ಅವರು ಮೇಲಿಂದ ಕೆಳಗೆ ನೋಡಿದರು. “ಮದುವಿ ಸೀಸನ್‌ದಾಗ ಇಷ್ಟು ಸಣ್ಣದು ಯಾರಿಗಿ ಮಿಯಾ? ಬಿಲ್ಲಿ ಕೀ ಶಾದಿ ಹೈ ಕ್ಯಾ?” ಬೆಕ್ಕಿನ ಮದುವೆಯಲ್ಲ, ಅತ್ತಿಯ ಹಾಡು ಎಂದು ಅವರದೇ ದನಿಯಲ್ಲಿ ಉತ್ತರಿಸಿದೆ. ಬಿದ್ದು ಬಿದ್ದು ನಕ್ಕು, ಮೇಲಿನ ಸಣ್ಣ ಸ್ವರಗಳಿಗೆ ಬೇಕಾದ ಬಟ್ಟೆಯ ಗುಮ್ಮಟದ ಟ್ವೀಟರುಗಳನ್ನು ಹೈದರಾಬಾದಿನಿಂದ ತರಿಸಿಕೊಟ್ಟರು.

ಡಬ್ಬಿಗೆ ಯಾವ ಹಲಗೆ? ಇಲ್ಲಿ ನನ್ನ ತಲೆಗೆ ನಮ್ಮೂರಿನ ಬುದ್ಧಿ ಬಂತು. ಸ್ಪೀಕರಿನ ಡಬ್ಬಿ ಅಲುಗಬಾರದು. ಅಲುಗದ್ದು ಯಾವುದು? ಕಲ್ಲು. ಕಲ್ಲು ಯಾರಲ್ಲಿದೆ? ನಮ್ಮಲ್ಲಿ. ತೆಳುವಾದ ಶಹಾಬಾದ್ ಹಾಸುಗಳನ್ನು ಕಡಿಸಿ, ದುಂಡಗೆ ತೂತು ಹೊಡೆಸಿ, ಅಂಟು ಹಾಕಿ ಕೂಡಿಸಿದೆ. ತೂತು ಹೊಡೆಯುವಾಗ ಬಿರುಕು ಬಿಟ್ಟ ಹಾಸುಗಳ ಲೆಕ್ಕ ಕೇಳಬೇಡಿ. ಕೊನೆಗೂ ಎದ್ದು ನಿಂತ ಒಂದನ್ನು ಜೀಪಿನಲ್ಲಿ ಹಾಕಿಕೊಂಡು ಕಮಲಾಪುರಕ್ಕೆ ಹೋಗಿ ಮಾಮನ ಮುಂದಿಟ್ಟೆ. ಮಾಮ ಬಡಗಿ. ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಡಬ್ಬಿಗೆ ಬಡಿದ. ‘ಟಿಣ್’ ಎಂದಿತು. ಪೂಜೆಯ ಗಂಟೆಯಷ್ಟೇ ಚೊಕ್ಕವಾಗಿ. ಸ್ಪೀಕರ್ ಹಚ್ಚಿ ಕೇಳಿದರೆ ಪ್ರತಿ ‘ಸ’ಕಾರದ ಬಾಲಕ್ಕೂ ಆ ಗಂಟೆ.

“ಅಳಿಯಾ, ಇದು ಸ್ಪೀಕರ್ ಅಲ್ಲೋ, ಸಮಾಧಿ,” ಎಂದ ಮಾಮ.

ಅಂದವನೇ ನಾಲಗೆ ಕಚ್ಚಿಕೊಂಡ. ಅತ್ತಿ ಒಲೆಯ ಮುಂದೆ ಕೂತಿದ್ದಳು. ಅವಳು ನನ್ನತ್ತ ನೋಡಿ, ಮಾಮನ ಕಡೆ ಗದ್ದ ತಿರುಗಿಸಿ, ಕೈ ಆಡಿಸಿದಳು. ನಾನು ಅವಳ ದನಿಯಲ್ಲಿ, “ಯಾರದು, ನಿಮ್ಮದೇನ್ರೀ?” ಎಂದೆ. ಮಾಮ ನಕ್ಕ. ಅತ್ತಿ ದನಿಯಿಲ್ಲದೆ ನಕ್ಕು ನನ್ನ ಬೆನ್ನಿಗೆ ಗುದ್ದಿದಳು.

ಡಾಕ್ಟರು ಬಾಯಿ ಕಟ್ಟಿದ ದಿನದಿಂದ ಆ ಮನೆಯಲ್ಲಿ ಅತ್ತಿಯ ಬಾಯಿ ನಾನೇ ಆಗಿದ್ದೆ. ಹೋದಾಗಲೆಲ್ಲ ಅವಳು ಕೈ ಎತ್ತಿದರೆ ಸಾಕು, “ರೊಟ್ಟಿ ಆರ್ಲಾಕತ್ತಾವ, ಬರ್ತೀರೋ ಇಲ್ಲೋ?” ಎಂದು ನಾನು ಕೂಗುತ್ತಿದ್ದೆ. ಒಮ್ಮೆ ಪಕ್ಕದ ಮನೆಯಾಕೆ, “ಏ ಯವ್ವಾ, ಡಾಕ್ಟರ್ ಬ್ಯಾಡ ಅಂದ್ರೂ ಬಾಯಿ ಮಾಡ್ತೀಯಲ್ಲ!” ಎಂದು ಬೈಯುತ್ತ ಓಡಿ ಬಂದಳು. ನನ್ನ ಅಣಕು ಅಷ್ಟು ಪಕ್ಕಾ ಇತ್ತು. ಈ ಮಾತು ನೆನಪಿರಲಿ, ನನ್ನ ಸೊಕ್ಕಿಗೆ ಅದೇ ಗೊಬ್ಬರ.

ಕಲ್ಲು ಬಿಟ್ಟು ಪ್ಲೈವುಡ್‌ಗೆ ಬಂದೆವು. ಮಾಮ ಮನೆಯ ಬಾಗಿಲು ಮಾಡುವವನಂತೆಯೇ ಸಂದು ಕೂಡಿಸಿದ. ಒಳಗೆ ಅಡ್ಡಪಟ್ಟಿ ಕೊಟ್ಟ. ಗೋಡೆಗಳಿಗೆ ಒಳಗಿನಿಂದ ಡಾಂಬರು ಹಾಳೆ ಬಡಿದ. ಹಳೆಯ ಕಂಬಳಿ ಕತ್ತರಿಸಿ ಒಳಗೆ ತುಂಬಿದೆವು. ಈಗ ಪೆನ್ಸಿಲಿನಿಂದ ಬಡಿದರೆ ಕುಂಬಳಕಾಯಿ ಬಡಿದಂತೆ ‘ದುಬ್’ ಎನ್ನುತ್ತಿತ್ತು. ಡಬ್ಬಿ ಎಷ್ಟು ಸಣ್ಣದೆಂದರೆ, ರೊಟ್ಟಿ ಬುಟ್ಟಿಯಲ್ಲಿ ಎರಡೂ ಹಿಡಿಸುತ್ತಿದ್ದವು. ಸಣ್ಣ ಡಬ್ಬಿಯಲ್ಲಿ ತಗ್ಗಿನ ಸ್ವರ ಕಡಿಮೆಯಾಗುತ್ತದೆಂದು ಮೊದಲು ಹಿಂಬದಿಗೆ ಪ್ಲಾಸ್ಟಿಕ್ ನಳಿಕೆ ಇಟ್ಟಿದ್ದೆ. ಒಳಗಿನ ಗಾಳಿ ಅದರಿಂದ ಹೊರಬಂದು ಸ್ವರಕ್ಕೆ ಬಲ ಕೊಡಬೇಕು. ಬಲ ಕೊಟ್ಟಿದ್ದು ಒಂದೇ ಸ್ವರಕ್ಕೆ. ಅತ್ತಿಯ ಹಾಡಿಗೆ ಮಾಮ ಬಾರಿಸುವ ಢೋಲಕ್ಕಿನ ಪ್ರತಿ ಪೆಟ್ಟೂ ಒಂದೇ ‘ಧೂಂ’, ಜೊತೆಗೆ ಎಮ್ಮೆ ಉಸಿರು ಬಿಟ್ಟ ಸದ್ದು. ನಳಿಕೆ ಕಿತ್ತು ಮರದ ಬಿರಡೆ ಜಡಿದು ಡಬ್ಬಿಯನ್ನು ಪೂರ್ತಿ ಮುಚ್ಚಿದೆ. ತಗ್ಗು ಸ್ವಲ್ಪ ಕಡಿಮೆಯಾಯಿತು, ಆದರೆ ಇದ್ದಷ್ಟು ನಿಜವಾಯಿತು.

ಉಳಿದದ್ದು ಒಳಗಿನ ಹಂಚಿಕೆ. ತಗ್ಗು, ನಡುವಿನ ಸ್ವರ ದೊಡ್ಡ ಕೋನಿಗೆ, ಮೇಲಿನದು ಟ್ವೀಟರಿಗೆ. ತಾಮ್ರದ ತಂತಿ ಸುತ್ತಿದ ಕಾಯಿಲು ಮತ್ತು ಕಂಡೆನ್ಸರುಗಳು ಈ ಹಂಚಿಕೆ ಮಾಡುತ್ತವೆ. ತಂತಿಯ ಸುತ್ತು ಹೆಚ್ಚುಕಡಿಮೆಯಾದರೆ ಇಬ್ಬರೂ ಒಂದೇ ಸ್ವರಕ್ಕೆ ಕಿತ್ತಾಡುತ್ತಾರೆ, ಅಥವಾ ಇಬ್ಬರೂ ಕೈಬಿಟ್ಟು ನಡುವೆ ಹಳ್ಳ ಬೀಳುತ್ತದೆ. ಈ ಹದ ನೋಡಲು ಒಂದು ಗುರುತಿನ ದನಿ ಬೇಕು. ನನಗೆ ಬೇಕಾದದ್ದು ಅತ್ತಿಯ ದನಿ. ಅತ್ತಿ ಬಾಯಿ ತೆರೆಯುವಂತಿಲ್ಲ. ಹಳೆಯ ಟೇಪಿನ ತಲೆಯಲ್ಲಿ, ಅಂದರೆ ಶುರುವಿನಲ್ಲಿ, ಮಾಲಕರು ನಾಬ್ ಮುಟ್ಟುವ ಮೊದಲು ದಾಖಲಾದ ಅವಳ ನಾಲ್ಕು ಮಾತು ಇದ್ದವು: “ಈಗ ಹಾಡ್ಲೇನ್ರೀ? ತಡೀರಿ, ನೀರು ಕುಡೀತೀನಿ.” ಅಷ್ಟೇ. ಅದು ನನಗೆ ಬಹಳ ಚಿಕ್ಕದೆನಿಸಿತು.

ನನ್ನ ಬಳಿ ಅತ್ತಿಯ ದನಿ ಮೊಳಗಟ್ಟಲೆ ಇತ್ತಲ್ಲ! ನಾನೇ ಮೈಕಿನ ಮುಂದೆ ಕೂತು, ಅತ್ತಿಯಂತೆ ಮಾತಾಡಿ, ಅತ್ತಿಯಂತೆ ಬೈದು, ಅತ್ತಿಯಂತೆ ಹಾಡಿ ಒಂದಿಡೀ ಟೇಪು ತುಂಬಿದೆ. ಅದನ್ನೇ ಡಬ್ಬಿಗಳಲ್ಲಿ ನುಡಿಸುತ್ತ, ತಂತಿ ಒಂದು ಸುತ್ತು ಬಿಚ್ಚುತ್ತ, ಇನ್ನೊಂದು ಸುತ್ತುತ್ತ, ಕಂಡೆನ್ಸರ್ ಬದಲಿಸುತ್ತ ಹೋದೆ. ದಿನಗಳು ಅದರಲ್ಲೇ ಹೋದವು. ಒಂದು ಮಧ್ಯಾಹ್ನ ಅತ್ತಿ ಎದ್ದು ಬಂದಳು. ಮೇಜಿನ ಮೇಲೆ, ಎರಡು ಡಬ್ಬಿಗಳ ನಡುವೆ, ಸಾಕ್ಷಾತ್ ಅತ್ತಿ.

ಮಾಲಕರನ್ನು ಕರೆದೆ. ಕೇಳಿದವರೇ, “ಅಯ್ಯಯ್ಯ! ಇಲ್ಲೇ ಕುಂತಂಗ ಆಗ್ಯಾದಲ್ಲೋ ತಮ್ಮಾ!” ಎಂದರು. ನಾನು ಮೀಸೆ ಇಲ್ಲದ ಜಾಗದಲ್ಲಿ ಮೀಸೆ ತಿರುವಿದೆ.

ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆ. ಮೊದಲು ನನ್ನ ಅಣಕಿನ ಟೇಪು ಹಾಕಿದೆ. ಅತ್ತಿ ಹೊಟ್ಟೆ ಹಿಡಿದುಕೊಂಡು, ಸದ್ದು ಮಾಡದೆ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆಮೇಲೆ ಅವಳದೇ ಟೇಪಿನ ತಲೆ ಹಾಕಿದೆ. ‘ಈಗ ಹಾಡ್ಲೇನ್ರೀ? ತಡೀರಿ...’

ಅತ್ತಿಯ ನಗು ನಿಂತಿತು. ಮತ್ತೊಮ್ಮೆ ಹಾಕು ಎಂದು ಬೆರಳು ತಿರುಗಿಸಿದಳು. ಹಾಕಿದೆ. ನನ್ನತ್ತ ಬೆರಳು ತೋರಿಸಿದಳು.

“ಅಂವ ಅಲ್ಲ, ಇದು ನೀನೇ,” ಎಂದ ಮಾಮ.

ಅವಳು ಅಲ್ಲವೆಂದು ತಲೆಯಾಡಿಸಿದಳು. ಎದ್ದು ನಿಂತಳು. ಗದ್ದ ಮೇಲೆತ್ತಿದಳು, ಮೂಗು ಅರಳಿಸಿದಳು, ತುಟಿ ಒಂದು ಕಡೆ ಎಳೆದು, ಕೈ ಸೊಂಟಕ್ಕಿಟ್ಟು ಬಾಯಿ ಆಡಿಸಿದಳು. ಒಂದು ಚೂರು ಸದ್ದಿಲ್ಲ. ಆದರೂ ಅದು ಯಾರೆಂದು ಆ ಪಡಸಾಲೆಯ ಕಂಬಕ್ಕೂ ತಿಳಿಯುವಂತಿತ್ತು. ಅತ್ತಿಯನ್ನು ಅಣಕಿಸುವ ನನ್ನನ್ನು ಅತ್ತಿ ಅಣಕಿಸುತ್ತಿದ್ದಳು. ಅಷ್ಟು ವರ್ಷದಲ್ಲಿ ನನ್ನನ್ನು ಇಷ್ಟು ಚೆನ್ನಾಗಿ ಯಾರೂ ಮಾಡಿರಲಿಲ್ಲ.

“ಖರೇ ಅದ ಅಳಿಯಾ,” ಎಂದ ಮಾಮ, ಈ ಸಲ ಮೆಲ್ಲಗೆ. “ಮೂಗಿನಾಗ ಬರ್ಲಾಕತ್ತದ. ಆಕಿ ಹಂಗ ಮಾತಾಡಂಗಿಲ್ಲ. ನೀ ಆಕಿನ್ನ ಹಂಗ ಮಾಡ್ತಿ.”

ಅಣಕಿಸುವ ಕಸುಬಿನ ಗುಟ್ಟು ಇಷ್ಟೇ: ಒಬ್ಬರ ದನಿಯಲ್ಲಿರುವುದನ್ನೆಲ್ಲ ಇದ್ದಷ್ಟೇ ತೋರಿಸಿದರೆ ಯಾರೂ ನಗುವುದಿಲ್ಲ. ಒಂದನ್ನು ಹಿಡಿದು ಉಬ್ಬಿಸಬೇಕು. ಅತ್ತಿಯ ಸಾಲಿನ ಕೊನೆಯಲ್ಲಿ ಮೂಗಿನ ಒಂದು ಎಳೆ ಇದೆ, ಸಾಸಿವೆಯಷ್ಟು. ನಾನು ಅದನ್ನು ನಿಂಬೆಹಣ್ಣು ಮಾಡುತ್ತಿದ್ದೆ. ಜನ ಕೂಡಲೇ ಗುರುತಿಸುತ್ತಿದ್ದರು. ಟೇಪಿನಲ್ಲಿ ನನ್ನ ಗಂಡುದನಿ ಅಡಗಿ, ನನ್ನ ಅಣಕು ನನಗೇ ಅತ್ತಿಯಂತೆ ಕೇಳುವವರೆಗೆ ತಂತಿ ಸುತ್ತಿ ಸುತ್ತಿ, ಡಬ್ಬಿಗೂ ಮೂಗು ಉಬ್ಬಿಸುವ ಅದೇ ವಿದ್ಯೆ ಕಲಿಸಿದ್ದೆ. ಇವನ್ನು ಮಾಲಕರ ಮುಂದಿಟ್ಟಿದ್ದರೆ ಆಗುವುದು ಗೊತ್ತೇ ಇತ್ತು. ಅತ್ತಿ ಹಾಡುವಾಗ ಮೂಗಿನ ದನಿ ಹೆಚ್ಚೆಂದು ಅವರು ಅಲ್ಲಿ ಕಡಿಯುತ್ತಿದ್ದರು. ಮೊದಲ ಸಲ ಎದೆ ಹೋಯಿತು, ಈ ಸಲ ಮುಖ ಹೋಗುತ್ತಿತ್ತು.

ಅದೇ ಸಂಜೆ ಎದುರಿನ ಕಿರಾಣಿ ಅಂಗಡಿಗೆ ಆಸ್ಪತ್ರೆಯಿಂದ ಫೋನು ಬಂತು. ಹಾಸಿಗೆ ಖಾಲಿಯಾಗಿದೆ, ಆಪರೇಷನ್ ಮುಂದಿನ ಸೋಮವಾರವೇ ಎಂದರು. ಇನ್ನೂ ತಿಂಗಳಿದೆ ಎಂದುಕೊಂಡಿದ್ದೆವು. ಮಾಮ ಅಂಗಡಿಯಿಂದ ಬಂದು ಇದನ್ನು ಹೇಳಿ, ರಂದಾ ಎತ್ತಿಕೊಂಡು, ಹೆರೆಯಲು ಏನೂ ಇಲ್ಲದ ಹಲಗೆಯನ್ನು ಹೆರೆಯುತ್ತ ಕೂತ. ಆ ಸದ್ದನ್ನು ನಾನು ಮುಂದೆ ಎಂದೂ ವೇದಿಕೆಯ ಮೇಲೆ ಮಾಡಲಿಲ್ಲ.

ಇದ್ದ ಹಂಚಿಕೆಯನ್ನೇ ಅಲ್ಲಿ ಇಲ್ಲಿ ತಿದ್ದಿದರೆ ಸಾಕೆಂದು ಒಂದು ಮನಸ್ಸು. ಕೆಲಸ ಬೇಗ ಮುಗಿಯುತ್ತದೆ. ಆದರೆ ತಿದ್ದುವುದು ಯಾವ ಕಿವಿಯಿಂದ? ಅದೇ ಕಿವಿಯಿಂದ. ಸೋಲ್ಡರ್ ಕಾಯಿಸಿ ಎರಡೂ ಡಬ್ಬಿಯ ತಂತಿಗಳನ್ನು ಬಿಚ್ಚಿ ಹಾಕಿದೆ. ಇನ್ನು ಯಾರ ದನಿಯೂ ಬೇಡ, ನನ್ನದಂತೂ ಬೇಡವೇ ಬೇಡ ಎಂದು ಗಟ್ಟಿ ಮಾಡಿಕೊಂಡೆ.

ಕಲಬುರಗಿಯ ರೇಡಿಯೋ ರಿಪೇರಿಯವರಿಂದ ಒಂದೊಂದೇ ಸ್ವರ ಹೊರಡಿಸುವ ಯಂತ್ರ ಬೇಡಿ ತಂದೆ. ಅದು ‘ಊಂ’ ಎಂದು ತಗ್ಗಿನಿಂದ ಶುರುವಾಗಿ ‘ಈ’ ಎಂದು ಮೇಲಕ್ಕೇರುತ್ತದೆ. ನಗುವುದಿಲ್ಲ, ಅಳುವುದಿಲ್ಲ, ಯಾರ ಹಾಗೂ ಇಲ್ಲ. ಡಬ್ಬಿ ಪ್ರತಿ ಸ್ವರವನ್ನೂ ಒಂದೇ ಬಲದಲ್ಲಿ ಹೇಳುತ್ತದೆಯೇ ಎಂದು ಸಣ್ಣ ಮೈಕು ಹಿಡಿದು ಮೀಟರಿನ ಮುಳ್ಳಿನಲ್ಲಿ ನೋಡಬೇಕು. ಖೋಲಿಯಲ್ಲಿ ನೋಡಿದರೆ ಗೋಡೆಗಳೂ ಉತ್ತರ ಕೊಡುತ್ತವೆ. ಗೋಡೆ ಇಲ್ಲದ ಜಾಗ ಬೇಕು. ಮಾಮನ ಗೆಳೆಯರೊಬ್ಬರ ಬಾಳೆತೋಟದ ಪಕ್ಕ ಬರಿಹೊಲವಿತ್ತು. ಅದರ ನಡುವೆ ಬಂಡಿ, ಬಂಡಿಯ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಡಬ್ಬಿ. ನೆಲವೂ ದೂರ, ಗಿಡವೂ ದೂರ. ಕರೆಂಟಿಗೆ ಟ್ರ್ಯಾಕ್ಟರಿನ ಬ್ಯಾಟರಿ. ಗಾಳಿ ಏಳುವ ಮೊದಲು, ಬೆಳಗಿನ ಹೊತ್ತಿನಲ್ಲಿ ಕೆಲಸ.

‘ಊಂ...ಊಂ...ಈ...’ ಎಂದು ಡಬ್ಬಿ ಒರಲುತ್ತಿದ್ದರೆ ತೋಟದವರು ಕೆಂಪು ಬಾಳೆಗೊನೆ ಹೊತ್ತುಕೊಂಡು ಬಂದು ನಿಂತರು.

“ಹಕ್ಕಿ ಓಡಿಸ್ಲಾಕ ಮಾಡೀಯೇನಪಾ?”

“ಇಲ್ರೀ, ನನ್ನ ಓಡಿಸ್ಲಾಕ.”

ಅವರಿಗೆ ಏನು ತಿಳಿಯಿತೋ, ಒಂದು ಹಣಿಗೆ ಹಣ್ಣು ಮುರಿದುಕೊಟ್ಟು ಹೋದರು.

ಮುಳ್ಳು ಹೇಳಿದ್ದು ಕೇಳಲು ಹಿತವಾಗಿರಲಿಲ್ಲ. ಅಳೆದು ನೋಡೋಣವೆಂದು ಹಳೆಯ ಹಂಚಿಕೆಯನ್ನು ಒಮ್ಮೆ ಮತ್ತೆ ಜೋಡಿಸಿದ್ದೆ. ಕೋನೂ ಟ್ವೀಟರೂ ಸೇರುವ ಜಾಗದಲ್ಲಿ, ಸೆಕೆಂಡಿಗೆ ಎರಡು ಮೂರು ಸಾವಿರ ಕಂಪನದ ಸ್ವರದ ಆಸುಪಾಸಿನಲ್ಲಿ, ಮುಳ್ಳು ಗೂಳಿಯ ಹಿಣಿಲಿನಂತೆ ಎದ್ದಿತು. ಅಲ್ಲಿ ಅತ್ತಿಯಿರಲಿಲ್ಲ, ನಾನು ಗದ್ದ ಎತ್ತಿಕೊಂಡು ನಿಂತಿದ್ದೆ. ಕೋನಿನ ಕಾಯಿಲಿಗೆ ಸುತ್ತು ಹೆಚ್ಚಿಸಿದೆ. ಅದು ಬೇಗ ಹಿಂದೆ ಸರಿಯಿತು. ಟ್ವೀಟರಿನ ಬಲ ತಗ್ಗಿಸಿದೆ. ಈಗ ನಡುವೆ ಹಳ್ಳ ಬಿತ್ತು. ಎರಡು ಬೆಳಗು ಆ ಹಳ್ಳದಲ್ಲೇ ಕಳೆದವು. ಕೊನೆಗೆ ಟ್ವೀಟರಿನ ತಂತಿಗಳನ್ನು ಅದಲುಬದಲು ಮಾಡಿದಾಗ ಹಳ್ಳ ಮುಚ್ಚಿತು. ಒಂದು ಒಳಗೆ ಎಳೆಯುವಾಗ ಇನ್ನೊಂದು ಹೊರಗೆ ತಳ್ಳುತ್ತಿತ್ತು, ಅಷ್ಟೇ. ಇದು ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಎರಡನೆಯ ಡಬ್ಬಿಯನ್ನು ಮೊದಲನೆಯದಕ್ಕೆ ಸರಿಗಟ್ಟಿಸುವ ಹೊತ್ತಿಗೆ ಶನಿವಾರವಾಗಿತ್ತು.

ಮಾಲಕರು ಹೊಸ ಡಬ್ಬಿ ಕೇಳಿ ಮುಖ ಸಣ್ಣ ಮಾಡಿದರು. “ಏನೋ ಇದು, ಜೀವನೇ ಇಲ್ಲ. ಮೊದಲಿಂದು ಛಲೋ ಇತ್ತಲ್ಲ?”

“ಮೊದಲಿಂದ್ರಾಗ ನಾ ಕುಂತಿದ್ದೆ ಮಾಲಕ್ರೀ. ಈಗ ಎದ್ದು ಬಂದೀನಿ.”

“ನಾಳಿ ಆಕಿ ಹಾಡೋದು ಕೆಟ್ರ?”

ನಾನು ಡಬ್ಬಿಗಳ ಕೆಳಗಿಡಲು ಇಟ್ಟಿಗೆ ತರಲು ಹೋದೆ.

ಇನ್ನೊಂದು ಅಡ್ಡಿ ಕಲ್ಲುಮೇಜು. ಡಬ್ಬಿಯಿಂದ ಹೊರಟ ಸದ್ದು ನೇರ ಕಿವಿಗೂ ಬರುತ್ತಿತ್ತು, ಕಲ್ಲಿಗೆ ತಾಗಿ ಒಂದು ಕ್ಷಣ ತಡವಾಗಿಯೂ ಬರುತ್ತಿತ್ತು. ಎರಡೂ ಬೆರೆತು ದನಿ ಟೊಳ್ಳಾಗುತ್ತಿತ್ತು. ಡಬ್ಬಿಗಳನ್ನು ಗೋಡೆಯಿಂದ ಎಳೆದು, ಇಟ್ಟಿಗೆಯ ಮೇಲೆ ಕಿವಿಯೆತ್ತರಕ್ಕೆ ಏರಿಸಿ, ಮಾಲಕರ ಮುಖಕ್ಕೆ ತಿರುಗಿಸಿದೆ. ಮೇಜಿನ ಮೇಲೆ ಅತ್ತಿ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ಟೊಳ್ಳು ಹೋಯಿತು. ಮದುವೆ ಸ್ಪೀಕರುಗಳನ್ನು ಅಂಗಡಿಯ ಹೊರಗೆ ನಿಲ್ಲಿಸಿದ್ದು ನೋಡಿ ಓಣಿಯವರು ಯಾರ ಮದುವೆ ಎಂದು ಕೇಳಿದರು.

ಭಾನುವಾರ ಬೆಳಿಗ್ಗೆ ಅತ್ತಿ ಬಂದಳು. ಬಿಳಿ ಸೀರೆ, ಕೈಯಲ್ಲಿ ನೀರಿನ ಚೊಂಬು. ಮಾಮ ಢೋಲಕ್ ಮುಂದಿಟ್ಟುಕೊಂಡು ಹಾಡುವ ಒಳಖೋಲಿಯಲ್ಲಿ ಕೂತ. ಮೈಕಿನ ಮುಂದೆ ನಿಂತು ಅತ್ತಿ ಬಹಳ ದಿನಗಳ ಮೇಲೆ ಬಾಯಿ ತೆರೆದಳು.

“ತಡೀರಿ, ನೀರು ಕುಡೀತೀನಿ.”

ಹೊರಖೋಲಿಯಲ್ಲಿ ಮಾಲಕರ ಪಕ್ಕ ಕೂತು ನಾನು ಡಬ್ಬಿಗಳ ನಡುವೆ ನೋಡಿದೆ. ಅಲ್ಲಿ ಅತ್ತಿ ಇದ್ದಳು. ಉಬ್ಬಿಲ್ಲ, ತಗ್ಗಿಲ್ಲ. ಎದೆ ಇತ್ತು, ಸಾಸಿವೆಯಷ್ಟು ಮೂಗೂ ಇತ್ತು. ಮಾಲಕರ ಕೈ ಅಭ್ಯಾಸದಂತೆ ನಾಬಿನ ಮೇಲೆ ಹೋಯಿತು, ತಿರುಗಿಸಲು ಏನೂ ಸಿಗದೆ ಅಲ್ಲೇ ಕೂತಿತು.

ಬೀಸುವ ಪದಗಳು ಮುಗಿದವು. ತಾನೇ ಕಟ್ಟಿದ ಪದ ಎತ್ತಿಕೊಂಡಳು:

“ಕಲ್ಲು ಆರಿಸಿದ ಕೈಗಿ ಅಕ್ಷರ ಕೊಟ್ಟವರ್ಯಾರವ್ವ...”

‘ಅಕ್ಷರ’ದ ಮೇಲೆ ಏರುವಾಗ ದನಿ ಸೀಳಿತು. ಒಣ ಜೋಳದ ದಂಟು ಮುರಿದಂಥ ಒಂದು ಕರಕರ. ಅವಳು ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲೂ ಬಂತು, ಅದರ ಮುಂದೆಯೂ. ಹಳೆಯ ಸ್ಪೀಕರಿನಲ್ಲಾಗಿದ್ದರೆ ಗುಡುಗಿನ ಕೆಳಗೆ ಅದು ಮುಚ್ಚಿಹೋಗುತ್ತಿತ್ತು. ಈ ಡಬ್ಬಿಗಳು ಒಂದನ್ನೂ ಮುಚ್ಚಲಿಲ್ಲ. ನಾನು ಅವನ್ನು ಅದಕ್ಕಾಗಿಯೇ ಮಾಡಿದ್ದೆ. ಆದರೆ ಆ ಹೊತ್ತಿನಲ್ಲಿ ಮಾಡದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಅರ್ಧ ತಾಸು ಮುಗಿದು, ಇಬ್ಬರೂ ಹೇಗೋ ಹೊರಖೋಲಿಯೊಳಗೆ ತೂರಿಕೊಂಡರು. ಟೇಪು ಹಿಂದಕ್ಕೆ ಸುತ್ತಿ ಕೇಳಿಸಿದೆವು. ಅತ್ತಿ ಕಲ್ಲುಮೇಜಿಗೆ ಕೈಯೂರಿ ನಿಂತಿದ್ದಳು. ಆ ಸಾಲು ಬಂದಾಗ ಮಾಮ ನನ್ನ ತೋಳು ಹಿಡಿದ.

“ಅಳಿಯಾ, ಆ ಕರಕರ ಅನ್ನೋದು ಡಬ್ಬಿದೇ ಅಲ್ಲ?”

ನಾನು ಟೇಪು ನಿಲ್ಲಿಸಿದೆ.

“ಡಬ್ಬಿದೇ ಇರಬೇಕು. ನಾ ಸಂದು ಸರಿ ಕೂಡಿಸಿಲ್ಲ ಕಾಣಸ್ತದ. ಮತ್ತ ಕೂಡಸ್ತೀನಿ. ಹೇಳಲ್ಲ?”

ಮಾಲಕರು ಗಂಟಲು ಸರಿಮಾಡಿಕೊಂಡು, “ಈ ಟೇಪ್ ಇನ್ನೊಂದು ಟೇಪಿಗಿ ಇಳಸುವಾಗ ಮೇಲಿಂದು ಸ್ವಲ್ಪ ಕಡದ್ರ ಆತು. ತಿಳಿಯಂಗೇ ಇಲ್ಲ,” ಎಂದು ನಾಬಿಗೆ ಕೈ ಹಾಕಿದರು. ಅವರು ಹೇಳಿದ್ದು ನಿಜ. ಕರಕರ ಹೋಗುತ್ತಿತ್ತು. ಅದರ ಜೊತೆ ‘ಅಕ್ಷರ’ದ ಅಂಚೂ ಹೋಗುತ್ತಿತ್ತು. ಮಾಮನಿಗೆ ಹೌದು ಡಬ್ಬಿಯದೇ ಎಂದು ಹೇಳಲು ನನ್ನ ಬಾಯಲ್ಲಿ ಹತ್ತಾರು ದನಿಗಳಿದ್ದವು. ಡಾಕ್ಟರ ದನಿಯಲ್ಲೂ ಹೇಳಬಲ್ಲವನಾಗಿದ್ದೆ. ಅತ್ತಿ ನನ್ನನ್ನೇ ನೋಡುತ್ತಿದ್ದಳು.

ಮಾಲಕರ ಕೈಯನ್ನು ನಾಬಿನಿಂದ ತೆಗೆದೆ.

“ಡಬ್ಬಿದಲ್ಲ ಮಾಮಾ,” ಎಂದೆ. “ಅತ್ತಿದೇ.”

ಮಾಮ ಢೋಲಕ್ಕಿನ ಹಗ್ಗ ಬಿಗಿಮಾಡುತ್ತ ಗೋಡೆಯ ಕಡೆ ತಿರುಗಿದ. ಬಿಗಿಯಾಗಿಯೇ ಇದ್ದ ಹಗ್ಗ ಅದು. ಅತ್ತಿ ಚೊಂಬಿನಲ್ಲಿ ಉಳಿದ ನೀರು ಕುಡಿದು, ಮೇಜಿನ ಮೇಲಿನ ಕೌದಿಯ ಮಡಿಕೆ ಸರಿಮಾಡಿ, ಟೇಪಿನತ್ತ ಕೈ ತೋರಿಸಿ ತಲೆಯಾಡಿಸಿದಳು. ಹಾಗೆಯೇ ಇರಲಿ ಎಂದು. ಅದನ್ನು ನಾನು ಅವಳ ದನಿಯಲ್ಲಿ ಹೇಳಲಿಲ್ಲ.

ಸೋಮವಾರ ಆಪರೇಷನ್ ಆಯಿತು. ಗಂಟು ಹೋಯಿತು, ಅತ್ತಿ ಉಳಿದಳು. ದನಿ ಉಳಿದದ್ದು ಸ್ವಲ್ಪ: ಉಸಿರೇ ಹೆಚ್ಚು, ಸ್ವರ ಕಡಿಮೆ. “ರೊಟ್ಟಿ” ಎಂದರೆ ಎದುರಿಗಿದ್ದವರಿಗೆ ಕೇಳುತ್ತದೆ, ಪಡಸಾಲೆಗೆ ಕೇಳುವುದಿಲ್ಲ. ವಿಹಾರದಲ್ಲಿ ಈಗ ಅವಳು ತಾಳ ಹಾಕುತ್ತಾಳೆ; ಪದಗಳನ್ನು ಬೇರೆ ಹೆಣ್ಣುಮಕ್ಕಳು ಕ್ಯಾಸೆಟ್ ಕೇಳಿ ಕಲಿಯುತ್ತಿದ್ದಾರೆ. ಡಬ್ಬಿಗಳು ಮಾಲಕರ ಮೇಜಿನ ಮೇಲೆಯೇ ಇವೆ. ನೋಡಿದ ಗಿರಾಕಿಗಳು ನಗುತ್ತಾರೆ, ಕೇಳಿದ ಮೇಲೆ ಸುಮ್ಮನಾಗುತ್ತಾರೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ದಿನ ಮಾಮ ಆ ಕ್ಯಾಸೆಟ್ಟನ್ನು ಪಡಸಾಲೆಯ ಹಳೆಯ ಟೇಪಿಗೆ ಹಾಕಿದ. ಅತ್ತಿ ಗಂಟಲಿಗೆ ಪಟ್ಟಿ ಕಟ್ಟಿಕೊಂಡು ಕಂಬಕ್ಕೆ ಒರಗಿ ಕೂತಿದ್ದಳು, ಪಕ್ಕದಲ್ಲಿ ನಾನು. ಟೇಪು ‘ಸ್ಸ್’ ಎಂದು ಸುತ್ತತೊಡಗಿತು. ಆಮೇಲೆ ದನಿ ಬಂತು: “ತಡೀರಿ, ನೀರು ಕುಡೀತೀನಿ.”

ಅದನ್ನು ಕತ್ತರಿಸಿ ತೆಗೆಯೋಣವೆಂದು ಮಾಲಕರು ಹೇಳಿದ್ದರು, ನಾನೇ ಇರಲಿ ಬಿಡಿ ಎಂದಿದ್ದೆ. ಅತ್ತಿ ಈ ಸಲ ಯಾರದೆಂದು ಕೇಳಲಿಲ್ಲ. ಹಾಳು ಚಟ ನನ್ನದು. ಆ ಮನೆಯಲ್ಲಿ ಅವಳ ಮಾತು ಕಿವಿಗೆ ಬಿದ್ದರೆ ಹಿಂದೆಯೇ ಅದನ್ನು ಮಾಡಿ ತೋರಿಸಿ ಗೊತ್ತು. ಬಾಯಿ ತಾನಾಗಿ ತೆರೆಯಿತು.

ಅತ್ತಿ ಟೇಪಿನ ಮೇಲಿಟ್ಟ ಕಣ್ಣು ತೆಗೆಯದೆ, ನನ್ನ ಬಾಯಿಯ ಮೇಲೆ ಅಂಗೈ ಇಟ್ಟಳು. ಹಾಡು ಶುರುವಾಗಿ ಮುಗಿಯುವವರೆಗೂ ತೆಗೆಯಲಿಲ್ಲ.